ಬ್ರಿಡ್ಜಿಗೆ ಯಾವ ಅಂಟು

ಹಳೆಯ ಗಿಟಾರಿನ ಬ್ರಿಡ್ಜ್, ಅಂದರೆ ತಂತಿಗಳ ಬುಡವನ್ನು ಹಿಡಿದಿಡುವ ಮರದ ಪಟ್ಟಿ, ಕಿತ್ತುಕೊಂಡು ಹಾರಿ ನನ್ನ ಹೆಂಡತಿಯ ಕಣ್ಣಿನ ಕೆಳಗೆ ಬಡಿದಿತ್ತು. ಎಡಗಣ್ಣು ಎಂದು ನನ್ನ ನೆನಪು. ಬಲಗಣ್ಣು ಅನ್ನುತ್ತಾಳೆ ಅವಳು. ಗಾಯ ಅವಳದ್ದು, ಅವಳನ್ನೇ ನಂಬಬೇಕು. ಆದರೂ ನನಗೆ ಕಾಣುವುದು ಎಡಗಣ್ಣೇ.

ಹಾಗಾಗಿ, ಹಲಸೂರಿನ ಶೀಟಿನ ಮನೆಯಲ್ಲಿ ಅವಳಿಗಾಗಿ ನಾನೇ ಗಿಟಾರ್ ಮಾಡಲು ಕೂತಾಗ ಹೆದರಿದ್ದು ಅಂಟಿಗೆ. ಬಿಳಿ ಗೋಂದು ಸುಲಭ. ಆದರೆ ಏಪ್ರಿಲ್‌ನಲ್ಲಿ ನಮ್ಮ ಶೀಟಿನಡಿ ಅದು ಮೆತ್ತಗಾಗಿ ತಂತಿಯ ಎಳೆತಕ್ಕೆ ಜರುಗುತ್ತದೆ. ಹಳೆಯದು ಕಿತ್ತುಬಂದದ್ದೇ ಹಾಗೆ. ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಯವನು ಎರಡು ಟ್ಯೂಬು ಬೆರೆಸುವ ಅಂಟನ್ನು ಮುಂದಿಟ್ಟ.

“ಇದು ಹಾಕಿ ಸಾರ್, ಜಿಂದಗೀಲಿ ಬಿಡಲ್ಲ.”

“ಆಮೇಲೆ ಬಿಚ್ಬೇಕಾದ್ರೆ?”

“ಅಂಟ್ಸೋ ಮುಂಚೇನೇ ಬಿಚ್ಚೋ ಯೋಚ್ನೆನಾ? ಮದ್ವೆ ಆಗಿದ್ಯಾ ಸಾರ್ ನಿಮ್ಗೆ?”

ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ತಪ್ಪಾಗಿ ಅಂಟಿದರೆ ಬಿಚ್ಚಲಾಗದ್ದು ನನಗೆ ಬೇಡವಾಗಿತ್ತು. ಚರ್ಮ ಬೇಯಿಸಿ ಮಾಡುವ ಅಂಟಾದ ಸರೇಸಿನ ಹರಳು ತಂದೆ. ಅದನ್ನು ನೆನೆಸಿ, ಬಿಸಿನೀರಿನಲ್ಲಿ ಬಟ್ಟಲಿಟ್ಟು ಕರಗಿಸಬೇಕು. ಬಿಸಿಯಿರುವಾಗಲೇ ಒತ್ತಬೇಕು; ಗಾಳಿ ತಗುಲಿದರೆ ಕೆನೆಗಟ್ಟಿ ಹಿಡಿತ ಹೋಗುತ್ತದೆ. ಮತ್ತೆ ಬಿಸಿನೀರು ಸೋಕಿಸಿದರೆ ನಿಧಾನಕ್ಕೆ ಬಿಡುತ್ತದೆ.

ಹಚ್ಚಿದೆ, ಒತ್ತಿದೆ, ಕ್ಲ್ಯಾಂಪ್ ಬಿಗಿದೆ. ಬೆವರು ಒರೆಸಲು ತಲೆಯೆತ್ತಿದರೆ ಫ್ಯಾನ್ ತಿರುಗುತ್ತಿತ್ತು. ಅವಳು ಸ್ವಿಚ್ ಹಾಕಿದ್ದನ್ನು ಕಂಡಂತೆ ನೆನಪು. ಬೆಳಗಿನಿಂದ ತಿರುಗುತ್ತಲೇ ಇತ್ತು ಅನ್ನುತ್ತಾಳೆ. ಬೇಸಿಗೆಯಲ್ಲಿ ಆ ಮನೆಯ ಫ್ಯಾನಿನ ಸದ್ದು ರೂಢಿಯಾಗಿ ನಮ್ಮಿಬ್ಬರ ಕಿವಿಗೂ ಬೀಳುತ್ತಿರಲಿಲ್ಲ. ಅವಳು ಹೇಳುವುದೇ ನಿಜವಿರಬಹುದು.

ಮರುದಿನ ಕ್ಲ್ಯಾಂಪ್ ಬಿಚ್ಚಿದೆ. ಒಳಗೆ ಹಿಡಿದಿದೆಯೋ ಇಲ್ಲವೋ, ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಅವಳು ಹೊಸ ತಂತಿಗಳನ್ನು ಹಿಡಿದು ಬಂದಳು, ಬ್ರಿಡ್ಜಿನ ಮೇಲೆ ಮುಖ ಬಾಗಿಸಿದಳು.

“ಕೊಡ್ರೀ, ಇನ್ನೆಷ್ಟು ದಿನ ಮುದ್ದಾಡ್ತೀರಾ?”

“ಬೇಡ. ಬಿಚ್ತೀನಿ.”

“ಗಟ್ಟಿಯಾಗೇ ಇದ್ಯಲ್ರೀ!”

“ಮೊದ್ಲು ಮುಖ ಆಚೆ ತಗೋ.”

ಕುದಿಯುವ ನೀರಿನಲ್ಲಿ ಅದ್ದಿದ ತೆಳು ಚಾಕುವನ್ನು ಬ್ರಿಡ್ಜಿನಡಿ ತೂರಿಸಿದೆ. ತುಸುತುಸುವೇ ಬಿಡಬೇಕಿತ್ತು. ಚೂರೂ ತಡೆಯಿಲ್ಲದೆ ಬ್ರಿಡ್ಜ್ ಎದ್ದು ನನ್ನ ಅಂಗೈಗೆ ಬಂತು. ಸರೇಸು ಮರಕ್ಕೆ ಅಂಟಿಕೊಂಡಿರಲೇ ಇಲ್ಲ, ಹಾಳೆಯಂತೆ ಒಣಗಿತ್ತು.

ಅವಳ ಕೈ ತಾನಾಗಿ ಕಣ್ಣಿನ ಕೆಳಗೆ ಹೋಯಿತು. ಯಾವ ಕಣ್ಣೆಂದು ಆಗಲಾದರೂ ನೋಡಿಕೊಳ್ಳಬೇಕಿತ್ತು. ನಾನು ಚಾಕುವನ್ನೇ ನೋಡುತ್ತಿದ್ದೆ. ಅವಳು ಎದ್ದು ಫ್ಯಾನ್ ಆರಿಸಿದಳು, ಕಿಟಕಿ ಮುಚ್ಚಿದಳು.

“ಸರೇಸು ಮತ್ತೆ ಕಾಯ್ಸಿ,” ಎಂದಳು.