ಚಿಗವ್ವ ಊರು ಕಟ್ಟಿದ ಬಗೆ

ನಮ್ಮೂರಿನ ಹೆಸರು ಹುಣಸಿಕೊಪ್ಪ. ಊರಿನಲ್ಲಿ ಹುಣಸೆಮರವಿಲ್ಲ. ಹೊರಗಿನಿಂದ ಬಂದವರು ಇದನ್ನೊಂದು ಆಕ್ಷೇಪಣೆಯಂತೆ ಎತ್ತಿದರೆ ನಾವು ಬೇಸರಿಸುವುದಿಲ್ಲ. ಬೈಲಹೊಂಗಲದ ಸಂತೆಯಿಂದ ತಂದ ಹುಣಸೆಹಣ್ಣಿನಲ್ಲಿ ಸಾರು ಮಾಡಿ ಬಡಿಸಿ ಕಳಿಸುತ್ತೇವೆ. ಹೆಸರಿಗೂ ವಸ್ತುವಿಗೂ ಅವಿನಾಭಾವ ಸಂಬಂಧವಿರಬೇಕೆಂದು ಹಟ ಹಿಡಿದರೆ ಮೊದಲು ನನ್ನ ಹೆಸರನ್ನೇ ಬದಲಿಸಬೇಕಾದೀತು. ಧೀರಪ್ಪನೆಂದು ಹೆಸರಿಟ್ಟುಕೊಂಡು ನಾನು ಇಂದಿಗೂ ಎಮ್ಮೆಯ ಹಿಂದಿನಿಂದ ಹಾದುಹೋಗಲು ಹಿಂಜರಿಯುತ್ತೇನೆ.

ಊರು ಇರುವುದು ಬೈಲಹೊಂಗಲಕ್ಕೂ ದೊಡವಾಡಕ್ಕೂ ನಡುವಿನ ಎರೆಭೂಮಿಯಲ್ಲಿ, ಸ್ವಲ್ಪವೇ ತಲೆ ಎತ್ತಿದ ಗಟ್ಟಿ ಜಲ್ಲಿಮಣ್ಣಿನ ಒಂದು ಗರಸು ದಿಬ್ಬದ ಮೇಲೆ. ಎರೆಮಣ್ಣು ಜೋಳವನ್ನು ಸಲಹುತ್ತದೆ, ಗೋಡೆಯನ್ನು ಸಹಿಸುವುದಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನ ಮೇಲೆ ಮನೆ ಕಟ್ಟಿದವನು ಪ್ರತಿ ವರ್ಷ ತನ್ನ ಬಾಗಿಲನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಹಿರಿಯರು ಹೊಲಗಳನ್ನು ಕೆಳಗೆ ಬಿಟ್ಟು ತಾವು ದಿಬ್ಬ ಹತ್ತಿದರು. ಕೆಳಗೊಂದು ಹಳ್ಳವಿದೆ. ನೀರಿದ್ದಾಗ ಅದು ಮಲಪ್ರಭೆಯ ಕಡೆಗೆ ಹೋಗುತ್ತದೆ. ಇಲ್ಲದಾಗ ಎಲ್ಲಿಗೂ ಹೋಗುವುದಿಲ್ಲ. ಭೂಗೋಳ ಇಷ್ಟೇ. ಇತಿಹಾಸ ಇದಕ್ಕಿಂತ ಕಡಿಮೆ.

ಆ ಕಡಿಮೆಯನ್ನು ಹೆಚ್ಚು ಮಾಡುವ ಹೊಣೆ ಹೋದ ವರ್ಷ ನನ್ನ ಮೇಲೆ ಬಿತ್ತು. ಊರ ಮುಂದೆ ಕಮಾನು ಕಟ್ಟಿಸಿದ ಪಂಚಾಯಿತಿ ಅಧ್ಯಕ್ಷರು ಅದರ ಕಾಲಿಗೆ ಊರಿನ ಚರಿತ್ರೆಯ ಫಲಕವೊಂದನ್ನು ಕೂಡಿಸಬೇಕೆಂದು ನಿಶ್ಚಯಿಸಿದರು. ಇತಿಹಾಸ ಕಲಿಸಿದವರು ಊರಲ್ಲಿ ಯಾರೂ ಇರದ ಕಾರಣ ಭೂಗೋಳ ಕಲಿಸಿ ನಿವೃತ್ತನಾದ ನಾನು ಸಾಕೆನಿಸಿತು. ಚರಿತ್ರೆಯನ್ನು ಅವರೇ ಹೇಳಿದರು: ಮೂಲಪುರುಷನು ಬೇಟೆಗೆ ಬಂದನು, ಒಂದು ಮೊಲ ಅವನ ನಾಯಿಗಳನ್ನೇ ಅಟ್ಟಿಸಿಕೊಂಡು ಹೋಯಿತು, ಇದು ಗಂಡುಮೆಟ್ಟಿನ ನೆಲವೆಂದರಿತು ಅವನು ಇಲ್ಲಿಯೇ ನಿಂತನು.

ನಾನು ನೌಕರಿಯಲ್ಲಿ ಕಿತ್ತೂರಿನ ಬದಿಗೆ, ಸವದತ್ತಿಯ ಬದಿಗೆ, ಕಡೆಗೆ ರಾಮದುರ್ಗದ ಬದಿಗೆ ತಿರುಗಿದವನು. ಹೋದ ಊರಲ್ಲೆಲ್ಲ ಈ ಮೊಲ ನನಗಿಂತ ಮೊದಲೇ ಹಾಜರಿತ್ತು. ಪಾಪ, ಅದಕ್ಕೂ ವರ್ಗಾವಣೆಯ ನೌಕರಿಯೇ ಇದ್ದಿರಬೇಕು. ಈ ಸಂಶಯವನ್ನು ವಿನಯದಿಂದ ನಿವೇದಿಸಿದೆ.

"ಇರ್ಲಿ ಬಿಡ್ರಿ ಮಾಸ್ತರ," ಎಂದರು ಅಧ್ಯಕ್ಷರು. "ಎಲ್ಲಾ ಊರಾಗೂ ಮೊಲಾ ಐತಿ. ನಮ್ಮೂರಾಗಷ್ಟ ಇರಲಿಲ್ಲಂದ್ರ ಮಂದಿ ಏನಂದಾರು?"

ಮೊಲವನ್ನು ಹೊಗಳಿ ನಾಲ್ಕು ಸಾಲು ಬರೆದುಕೊಟ್ಟೆ. ಆದರೆ ಆ ನಾಲ್ಕು ಸಾಲಿನ ಶಾಯಿ ಒಣಗುವುದರೊಳಗೆ ಊರೊಂದು ನಿಜವಾಗಿ ಹೇಗೆ ಹುಟ್ಟುತ್ತದೆಂಬುದನ್ನು ನಾನು ಕಣ್ಣಾರೆ ನೋಡಬೇಕಾಗಿ ಬಂತು. ಅದರಲ್ಲಿ ಮೊಲವಿರಲಿಲ್ಲ, ನನ್ನ ಚಿಗವ್ವ ಇದ್ದಳು.

ಚಿಗವ್ವನೆಂದರೆ ನನ್ನ ಚಿಕ್ಕಪ್ಪನ ಹೆಂಡತಿ ನಿಂಗವ್ವ. ಮಗ ಬಸಣ್ಣ, ಸೊಸೆ ಮಹಾದೇವಿ ಇವರೊಡನೆ ನಮ್ಮ ಓಣಿಯಲ್ಲೇ ಇರುವವಳು. ಅವರ ಮನೆಯ ಮುಂಬಾಗಿಲಿನ ಪಕ್ಕಕ್ಕೆ ಕಲ್ಲಿನ ಕಟ್ಟೆಯೊಂದಿತ್ತು. ತಲೆಮಾರುಗಳ ಆಸೀನತೆಯಿಂದ ಕನ್ನಡಿಯಂತಾಗಿದ್ದ ಆ ಕಟ್ಟೆಯ ಮೇಲೆ ಚಿಗವ್ವ ಬೆಳಗಿನ ಚಹಾ ಕುಡಿದು ಕುಳಿತಳೆಂದರೆ ಏಳುತ್ತಿದ್ದುದು ಊಟಕ್ಕೆ. ಹಾದುಹೋಗುವವರೆಲ್ಲ ಅಲ್ಲಿ ನಿಂತು ತಮ್ಮ ಪ್ರಯಾಣದ ಉದ್ದೇಶವನ್ನು ಅರಿಕೆ ಮಾಡಿಕೊಂಡೇ ಮುಂದುವರಿಯಬೇಕು. ನಾನೂ ದಿನಪತ್ರಿಕೆ ಓದುತ್ತಿದ್ದುದು ಅಲ್ಲಿಯೇ. ಪತ್ರಿಕೆಯಲ್ಲಿ ಬಾರದ ಸುದ್ದಿಯೂ ಅಲ್ಲಿ ಸಿಗುತ್ತಿತ್ತು.

ಬೇಸಿಗೆಯಲ್ಲಿ ಚಿಗವ್ವ ಮುನವಳ್ಳಿಯ ಮಗಳ ಮನೆಗೆ ಹೋಗಿ ಕೆಲವು ದಿನ ನಿಂತಳು. ಮರಳಿ ಬಂದಾಗ ಕಟ್ಟೆ ಇರಲಿಲ್ಲ. ಆ ಜಾಗದಲ್ಲಿ ಮೋಟರ್ ಸೈಕಲ್ ಒಳಗೆ ಏರಿಸಲು ಸಿಮೆಂಟಿನ ಇಳಿಜಾರು ಬಂದಿತ್ತು. ಗೌಂಡಿಯನ್ನು ಕರೆಸಿ ಒಡೆಸಿದವಳು ಮಹಾದೇವಿ. ಚಿಗವ್ವ ಗಂಟನ್ನು ಕೈಯಲ್ಲಿ ಹಿಡಿದೇ ಆ ಇಳಿಜಾರನ್ನು ನೋಡಿದಳು. ಕೂಗಾಡುತ್ತಾಳೆಂದು ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದೆವು. ಅವಳು ಮೆಲ್ಲಗೇ ಕೇಳಿದಳು:

"ನನಗ ಕುಂಡ್ರಾಕ ಜಾಗಾ ಇಲ್ಲದ ಮನ್ಯಾಗ ನಾ ಯಾಕಿರಲಿ?"

ಒಳಗೂ ಹೋಗದೆ ಹಾಗೆಯೇ ತಿರುಗಿ ನಡೆದಳು. ಬಸಣ್ಣ "ಯವ್ವಾ, ಯವ್ವಾ" ಎನ್ನುತ್ತ ಹಿಂದೆ ಓಡಿದ. ಅವಳು ನಿಂತದ್ದು ದೊಡವಾಡದ ರಸ್ತೆಯ ಪಕ್ಕದಲ್ಲಿರುವ ತಮ್ಮ ಹೊಲದಲ್ಲಿ. ಅಲ್ಲಿ ಒಂದು ಬೇವಿನ ಮರ, ಒಂದು ಕೊಳವೆಬಾವಿ, ಪಂಪಿನ ಯಂತ್ರಕ್ಕಾಗಿ ಕಟ್ಟಿದ ಒಂದು ಕೋಣೆ ಇದ್ದವು. ಯಂತ್ರವನ್ನು ಒಂದು ಮೂಲೆಗೆ ಸರಿಸಿ ಚಿಗವ್ವ ಉಳಿದ ಮೂರು ಮೂಲೆಗಳನ್ನು ವಶಪಡಿಸಿಕೊಂಡಳು.

ಸಿಟ್ಟು ಸಂಜೆಯೊಳಗೆ ಇಳಿದೀತೆಂದು ನಾನು ಭವಿಷ್ಯ ನುಡಿದೆ. ವಾರದ ಮೇಲೆ ನುಡಿಯುವುದನ್ನು ಬಿಟ್ಟೆ.

ಆ ಹೊಲದ ಎದುರಿಗೆ ಪಕ್ಕದ ಹಳ್ಳಿಯಿಂದ ಬರುವ ಬಂಡಿದಾರಿಯೊಂದು ರಸ್ತೆಗೆ ಕೂಡುತ್ತದೆ. ಆ ಹಳ್ಳಿಯವರು ಧಾರವಾಡದ ಬಸ್ಸಿಗಾಗಿ ಬೇವಿನ ನೆರಳಲ್ಲಿ ನಿಂತು ಕೈ ಮಾಡುತ್ತಿದ್ದರು. ಚಾಲಕನ ಚಿತ್ತವೃತ್ತಿಯನ್ನು ಅನುಸರಿಸಿ ಬಸ್ಸು ನಿಲ್ಲುತ್ತಿತ್ತು ಅಥವಾ ಧೂಳೆಬ್ಬಿಸಿ ಹೋಗುತ್ತಿತ್ತು. ಈಗ ಆ ನೆರಳಲ್ಲಿ ಚಿಗವ್ವ ಕುಳಿತಿದ್ದಳು. ಕಾಯುವವರಿಗಾಗಿ ಒಂದು ಕೊಡ ನೀರು ಇಟ್ಟಳು. ಆಮೇಲೆ ತಾನೇ ರಸ್ತೆಯ ನಡುವೆ ನಿಂತು ಕೈ ಎತ್ತತೊಡಗಿದಳು. ಬಸ್ಸು ನಿಂತರೆ ಹತ್ತುವವರು ಹತ್ತುವ ತನಕ ನಿರ್ವಾಹಕನ ಮನೆತನದ ಆರೋಗ್ಯ ವಿಚಾರಣೆ.

"ತಮ್ಮಾ, ನಿಮ್ಮವ್ವನ ಮೊಣಕಾಲ ಹೆಂಗದಾವೋ?"

"ಅಡ್ಡಿಯಿಲ್ಲಬೇ ಯಮ್ಮಾ. ನೀ ಹೇಳಿದ ಎಣ್ಣಿ ತಿಕ್ಕಾಕತ್ತಾಳ."

ತನ್ನ ತಾಯಿಯ ಮೊಣಕಾಲು ಬಲ್ಲವಳ ಮುಂದೆ ಬಸ್ಸು ನಿಲ್ಲಿಸದೆ ಹೋಗುವುದು ಯಾವ ನಿರ್ವಾಹಕನಿಗೂ ಸಾಧ್ಯವಿಲ್ಲ. ಅದು ನಿಲ್ದಾಣವಾಯಿತು. ನಿಲ್ದಾಣವಾದ ಮೇಲೆ ಒಬ್ಬಾಕೆ ಮಿರ್ಚಿ ಭಜಿಯ ಬಾಣಲೆ ಇಟ್ಟಳು. ಭಜಿಯ ವಾಸನೆಗೆ ಮೋಟರ್ ಸೈಕಲ್ಲುಗಳು ನಿಂತವು. ಅವು ನಿಂತದ್ದನ್ನು ನೋಡಿ ಪಂಕ್ಚರ್ ಹಾಕುವವನು ಒಂದು ಹಳೆಯ ಟೈರು ತೂಗುಹಾಕಿದ. ಯಾರೋ ಬೇವಿನ ಬುಡದ ಕಲ್ಲೊಂದಕ್ಕೆ ಭಂಡಾರದ ಅರಿಶಿನ ಹಚ್ಚಿ ಕೈ ಮುಗಿದು ಹೋದರು. ಬೆನ್ನು ಆನಿಸಲು ಆ ಕಲ್ಲು ತನಗೆ ಬೇಕಾಗಿದ್ದರಿಂದ ಚಿಗವ್ವ ಅದನ್ನು ತೊಳೆದು ಮತ್ತೆ ಕಲ್ಲನ್ನಾಗಿ ಮಾಡಿದಳು.

ಜನವಸತಿಗಳು ಹುಟ್ಟಲು ಕಾರಣಗಳಾವುವು ಎಂಬ ಪ್ರಶ್ನೆಗೆ ನೀರು, ಮಣ್ಣು, ದಾರಿ, ರಕ್ಷಣೆ ಎಂದು ಬರೆದವರಿಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಸಿಟ್ಟು ಎಂದು ಯಾರಾದರೂ ಬರೆದಿದ್ದರೆ ಕೆಂಪು ಗೆರೆ ಎಳೆದು ಪಾಲಕರನ್ನು ಕರೆಸುತ್ತಿದ್ದೆ.

ಇಷ್ಟೆಲ್ಲ ವಿನೋದವಾಗಿ ತೋರುತ್ತಿದ್ದುದು ರಸ್ತೆಯಲ್ಲಿ ಹೋಗುವವರಿಗೆ. ಮನೆಯೊಳಗೆ ವಿನೋದವಿರಲಿಲ್ಲ. ಬಸಣ್ಣ ಎರಡು ಹೊತ್ತೂ ರೊಟ್ಟಿಯ ಬುತ್ತಿ ಒಯ್ಯುತ್ತಿದ್ದ. "ಅಣ್ಣಾ, ಅಲ್ಲೆ ಅವ್ವ ಮಾತಾಡೂದಿಲ್ಲ, ಇಲ್ಲೆ ಇಕಿ ಮಾತಾಡೂದಿಲ್ಲ. ನಾ ಬುತ್ತಿ ಹೊತಗೊಂಡು ತಿರಗ್ಯಾಡಾಕತ್ತೇನಿ," ಎಂದು ನನ್ನ ಮುಂದೆ ಒಮ್ಮೆ ಕಣ್ಣು ಒರೆಸಿಕೊಂಡ. ಓಣಿಯ ಹೆಂಗಸರು ಮಹಾದೇವಿಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅತ್ತೆಯನ್ನು ಹೊರಹಾಕಿದವಳೆಂಬ ಹೆಸರು ದೊಡವಾಡದ ತನಕ ಹೋಗಿತ್ತು. ಮುಂಗಾರು ಹತ್ತಿರವಾಗುತ್ತಿತ್ತು, ಪಂಪಿನ ಕೋಣೆಯ ಮೇಲಿನ ತಗಡಿನ ಪತ್ರಾಸಿಗೆ ಆಕಾಶ ಕಾಣುವಷ್ಟು ತೂತುಗಳಿದ್ದವು. ನಾಳೆ ಅಲ್ಲಿ ಮುದುಕಿಗೆ ಏನಾದರೂ ಆದರೆ ಈ ಮನೆ ಮತ್ತೆ ಮನೆಯಾಗುವುದಿಲ್ಲವೆಂದು ನನಗೂ ಹೆದರಿಕೆಯಾಯಿತು.

ಮಹಾದೇವಿಗೆ ಬುದ್ಧಿ ಹೇಳಬೇಕೆಂದು ಒಂದು ಮುಂಜಾನೆ ಹೋದೆ. ಉಪದೇಶವನ್ನು ದಾರಿಯಲ್ಲಿಯೇ ಸಿದ್ಧಪಡಿಸಿದ್ದೆ. ಸಹನೆ, ಹಿರಿತನ, ಸಂಸ್ಕಾರ ಮುಂತಾದ ಭಾರದ ಪದಗಳೆಲ್ಲ ಅದರಲ್ಲಿದ್ದವು. ಅವಳು ಸೆರಗು ತಲೆಗೆಳೆದುಕೊಂಡು ಬಾಗಿಲ ಒಳಗೆ ನಿಂತಳು. ನಾನು ಹೊರಗೆ ಆ ಇಳಿಜಾರಿನ ಮೇಲೆ ಜಾರದಂತೆ ನಿಂತೆ.

"ಅಲ್ಲವಾ ಮಹಾದೇವಿ, ಒಂದ ಮಾತ ಕೇಳಿ ಒಡಸಬಾರದಿತ್ತ?"

"ಕೇಳಿದ್ರ ಬ್ಯಾಡ ಅಂತಿದ್ರು ಭಾವಾರ."

"ಹಿರೇ ಮನಷ್ಯಾಳು. ಕುಂಡ್ರೂ ಜಾಗಾ ಅದು."

ಅವಳು ನೆಲ ನೋಡುತ್ತ ಹೇಳಿದಳು: "ಹೌದ್ರಿ, ಅವರು ಕುಂಡ್ರೂ ಜಾಗಾ. ನೀವು ಪೇಪರ ಓದೂ ಜಾಗಾ. ಬಂದವರು ಚಾ ಕುಡಿಯೂ ಜಾಗಾ. ಚಾ ಮಾಡಿ ಬಾಗಲ ತನಕ ತಂದಾಕಿ ನಾ. ಸೊಸಿ ಆದಾಕಿ ಮುಂದಿನ ಕಟ್ಟಿ ಮ್ಯಾಲ ಕುಂಡ್ರಬಾರದಂತ ನಾ ಬಂದ ದಿನಾನ ಹೇಳಿದ್ರು. ನನ್ನ ಮಗಳ ಲಗ್ನ ಆತು. ಇವತ್ತಿಗೂ ಆ ಕಟ್ಟಿ ಮ್ಯಾಲ ನಾ ಕುಂತಾಕಿ ಅಲ್ರಿ ಭಾವಾರ. ದಿನಾ ಬಳದು ತೊಳದಾಕಿ. ಬ್ಯಾಸರಾತು, ಒಡಸಿಬಿಟ್ಟೆ."

ಸಿದ್ಧಪಡಿಸಿದ ಉಪದೇಶದಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ. ಆ ಕಟ್ಟೆಯಿಂದ ಇಡೀ ಓಣಿ ಕಾಣುತ್ತಿತ್ತೆಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು. ಬೆನ್ನ ಹಿಂದಿನ ಬಾಗಿಲಲ್ಲಿ ಲೋಟ ಹಿಡಿದು ನಿಂತವಳು ಕಾಣುತ್ತಿರಲಿಲ್ಲ. ಇಳಿಜಾರಿನಿಂದ ಹುಷಾರಾಗಿ ಇಳಿದು ಸೀದಾ ಹೊಲಕ್ಕೆ ನಡೆದೆ.

ಚಿಗವ್ವ ಬೇವಿನ ಕೆಳಗೆ ಕಲ್ಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಿದ್ದಳು. ಮಹಾದೇವಿ ಹೇಳಿದ್ದನ್ನು ನಾನು ಒಂದಕ್ಷರವೂ ಬಿಡದೆ ಹೇಳಿದೆ. ಅವಳ ಕೈ ನಿಂತಿತು. ಬಸ್ಸೊಂದು ಬಂತು, ಅಂದು ಚಿಗವ್ವ ಎದ್ದು ಕೈ ಎತ್ತಲಿಲ್ಲ. ಅಭ್ಯಾಸಬಲದಿಂದ ಬಸ್ಸು ತಾನೇ ನಿಂತು, ತಾನೇ ಹೋಯಿತು.

"ತಮ್ಮಾ," ಎಂದಳು ಕಡೆಗೆ, "ನಾನೂ ಕುಂತಿದ್ದಿಲ್ಲೋ. ನಮ್ಮತ್ತಿ ಇರೂ ತನಕ ನಾನೂ ಬಾಗಲದಾಗ ನಿಂತಾಕಿನ. ಅಕಿನ್ನ ಮಣ್ಣ ಮಾಡಿ ಬಂದ ಮ್ಯಾಲ, ಮಂದಿಯೆಲ್ಲಾ ಹ್ವಾದ ಮ್ಯಾಲ, ಹೋಗಿ ಕುಂತೆ. ತಣ್ಣಗಿತ್ತು ಕಲ್ಲು." ಮತ್ತೊಂದು ಶೇಂಗಾ ಒಡೆದಳು. "ನಾ ಅಕಿ ಸಾಯೂ ತನಕ ಕಾದೆ. ಈಕಿ ಕಾಯಲಿಲ್ಲ, ಒಡದ್ಲು. ಧೈರ್ಯ ಐತಿ ಹುಡುಗಿಗೆ."

ಇದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಮನೆಗೆ ಬರುತ್ತೀಯಾ ಎಂದು ಕೇಳಿದೆ. ಉತ್ತರವಾಗಿ, ಆ ಗೌಂಡಿಯನ್ನು ಕರೆದುಕೊಂಡು ಬಾ ಎಂದಳು. ಯಾವ ಗೌಂಡಿ ಎಂದೆ. "ಅದನ್ನ ಒಡದಾವ. ಒಡ್ಯಾಕ ಬರತೈತಿ ಅಂದಮ್ಯಾಲ ಕಟ್ಟಾಕೂ ಬರತಿರಬೇಕು."

ಗೌಂಡಿ ಅಂಜುತ್ತಲೇ ಬಂದ. ಒಡೆದ ಕಟ್ಟೆಯ ಕಲ್ಲುಗಳು ಅವರದೇ ಹಿತ್ತಲಲ್ಲಿ ಬಿದ್ದಿದ್ದವು. ಬಸಣ್ಣ ಅವನ್ನು ಟ್ರ್ಯಾಕ್ಟರಿನಲ್ಲಿ ತಂದು ಹಾಕಿದ. ಬೇವಿನ ಸುತ್ತಲೂ ಕಟ್ಟೆ ಏಳತೊಡಗಿತು. ಅದಕ್ಕೆ ಮುಂದೆ ಯಾವುದು, ಹಿಂದೆ ಯಾವುದು ಎಂದು ಗೊತ್ತುಮಾಡುವ ಬಾಗಿಲೊಂದು ಇರಲಿಲ್ಲ. ಕೆಲಸ ಮುಗಿದ ದಿನ ಚಿಗವ್ವ ಮಗನಿಗೆ ಹೇಳಿದಳು: "ನಾಳೆ ಬುತ್ತಿ ನೀ ತರಬ್ಯಾಡ."

ಮರುದಿನ ಬುತ್ತಿ ತಂದವಳು ಮಹಾದೇವಿ. ನಾನು ದಿನಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕಟ್ಟೆಯ ಒಂದು ಬದಿಗೆ ಕುಳಿತಿದ್ದೆ. ಅವಳು ಬುತ್ತಿಗಂಟನ್ನು ಕಟ್ಟೆಯ ಮೇಲಿಟ್ಟು, ತಾನು ಕೆಳಗೆ, ರಸ್ತೆಯ ಬದಿಯ ಬಿಸಿಲಲ್ಲಿ ನಿಂತಳು. ಭಜಿ ಕರಿಯುವವಳು ಬಾಣಲೆಯಲ್ಲಿ ಜಾರಿ ಸೌಟು ಆಡಿಸುವುದನ್ನು ಮರೆತಳು. ಚಿಗವ್ವ ಗಂಟು ಬಿಚ್ಚಿದಳು, ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಉಂಡಳು. ಕೈ ತೊಳೆದ ಮೇಲೆ ಸೊಸೆಯ ಮುಖ ನೋಡಿ, ಬೇಸಿಗೆಯಿಂದ ಈಚೆಗೆ ಮೊದಲ ಸಲ, ಒಂದು ಮಾತಾಡಿದಳು:

"ಕುಂಡ್ರು."

ಮಹಾದೇವಿ ನನ್ನ ಕಡೆ ನೋಡಿದಳು. ನಾನು ಪತ್ರಿಕೆ ಮಡಿಚಿ ಭಜಿ ತಿನ್ನಲು ಎದ್ದುಹೋದೆ. ತಿರುಗಿ ನೋಡಿದಾಗ ಅವಳು ಕಟ್ಟೆಯ ಅಂಚಿನಲ್ಲಿ, ಯಾವ ಕ್ಷಣದಲ್ಲಾದರೂ ಏಳಬೇಕಾದವಳಂತೆ, ಕುಳಿತಿದ್ದಳು.

ಮಳೆ ಹಿಡಿದ ಮೇಲೆ ಚಿಗವ್ವ ಮಲಗಲು ಮನೆಗೆ ಬರತೊಡಗಿದಳು. ಬೆಳಗಾದರೆ ಕಚೇರಿಗೆ ಹೊರಟವಳಂತೆ ಹೊಲಕ್ಕೆ ಹೋಗುತ್ತಾಳೆ. ಅವರಿಬ್ಬರೂ ಜಗಳವಾಡುವುದನ್ನೇನೂ ಬಿಟ್ಟಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು ಈಗ ಬಸ್ಸಿಗೆ ಕಾಯುವವರಿಗೂ ತಿಳಿಯುತ್ತದೆ. ಪಂಕ್ಚರಿನವನು ಹೆಂಡತಿಯನ್ನು ಕರೆತಂದು ಒಂದು ಗುಡಿಸಲು ಹಾಕಿದ್ದಾನೆ. ಭಜಿಯವಳು ಅದರ ಪಕ್ಕಕ್ಕೆ ನೆಲ ಸಮ ಮಾಡಿಸಿದ್ದಾಳೆ. ಎರೆಮಣ್ಣಿನ ಮೇಲೆ ಮನೆ ನಿಲ್ಲದೆಂದು ನಾನು ಶಾಸ್ತ್ರೋಕ್ತವಾಗಿ ಎಚ್ಚರಿಸಿದೆ. ಆಮೇಲೆ ನೋಡೋಣ ಎಂದರು.

ಮೊನ್ನೆ ನಾನು ಅಲ್ಲಿದ್ದಾಗ ಸವದತ್ತಿಗೆ ಹೋಗುವ ಬಸ್ಸೊಂದು ನಿಂತಿತು. ಕಿಟಕಿಯಿಂದ ಹೊಸಬಳೊಬ್ಬಳು ತಲೆ ಹೊರಹಾಕಿ, "ಇದ್ಯಾವ ಊರ್ರಿ?" ಎಂದು ಕೇಳಿದಳು. ಚಿಗವ್ವ ಬಾಯಿ ತೆರೆದಳು. ಊರಲ್ಲ, ನಮ್ಮ ಹೊಲ ಎನ್ನುವವಳಿದ್ದಳೆಂದು ತೋರುತ್ತದೆ. ಅಷ್ಟರಲ್ಲಿ, ಕಟ್ಟೆಯ ಇನ್ನೊಂದು ಬದಿಗೆ ಕುಳಿತು ಜೋಳ ಹಸನು ಮಾಡುತ್ತಿದ್ದ ಮಹಾದೇವಿ, ಮೊರದಿಂದ ತಲೆ ಎತ್ತದೆಯೇ,

"ನಮ್ಮತ್ತಿ ಊರ್ರಿ," ಎಂದಳು.

ಬಸ್ಸು ಹೋಯಿತು. ಚಿಗವ್ವ ಕಟ್ಟೆಯ ಮೇಲೆ ತುಸು ಸರಿದು, "ಬಿಸಲಾಗ ಕುಂತಿ ಅಲ್ಲ," ಎಂದು ಗದರಿದಳು. "ಈ ಕಡೆ ನೆರಳಿಗೆ ಬಾ."