ಬೆಟ್ಟಯ್ಯ ಮೇಷ್ಟರ ನಾಡಿ

ನಾನೂರು ವರ್ಷ ಹಳೆಯ ಲೋಲಕದ ಪಾಠವನ್ನು ನಾನೂರು ವರ್ಷದ ಹಿಂದಿನವರ ಹಾಗೆಯೇ ಕಲಿಯಬೇಕೆಂಬುದು ಗೋವಿಂದರಾಜನಗರದ ಫಿಸಿಕ್ಸ್ ಟ್ಯೂಷನ್ ಮೇಷ್ಟರು ಬೆಟ್ಟಯ್ಯನವರ ಹಟ. ಅವರ ಮಹಡಿಯ ಶೀಟಿನ ಕೋಣೆಗೆ ಗಡಿಯಾರವಾಗಲಿ ಮೊಬೈಲಾಗಲಿ ಬರುವಂತಿಲ್ಲ. ಸಂಜೆ ಬಿಸಿಲಿನಲ್ಲಿ ದಾರಕ್ಕೆ ಕಟ್ಟಿದ ಹಳೆಯ ಬೀಗವೊಂದು ಜೋಕಾಲಿಯಂತೆ ತೂಗುತ್ತದೆ; ಮಕ್ಕಳು ತಂತಮ್ಮ ನಾಡಿ ಹಿಡಿದು, ಬಡಿತ ಎಣಿಸಿ, ಅದು ಒಮ್ಮೆ ಹೋಗಿಬರುವ ಕಾಲ ಅಳೆಯುತ್ತಾರೆ. ದಾರ ನಾಲ್ಕು ಪಟ್ಟು ಉದ್ದವಾದರೆ ಕಾಲ ಎರಡೇ ಪಟ್ಟು ಎನ್ನುತ್ತದೆ ಬೋರ್ಡಿನ ಲೆಕ್ಕ. ಮೆಟ್ಟಿಲು ಓಡಿಬಂದವರ ನಾಡಿ ಒಪ್ಪುವುದಿಲ್ಲ. ಜಗಳ ಜೋರಾದಾಗ ಮೇಷ್ಟರು ಮೆಲ್ಲಗೆ ತಮ್ಮ ಕೈ ಚಾಚುತ್ತಾರೆ: "ಇದನ್ನ ಹಿಡ್ಕೊಳ್ರೋ. ಡಾಕ್ಟ್ರು ಎದೇಲಿ ಪೇಸ್‌ಮೇಕರ್ ಇಟ್ಟಿದಾರೆ, ತಾಳ ತಪ್ಪಲ್ಲ." ಲೆಕ್ಕ ಕೂಡಲೇ ಸರಿಹೋಗುತ್ತದೆ. ಉತ್ತರ ಬಂದ ಮೇಲೂ ಅವರು ಕೈ ಎಳೆದುಕೊಳ್ಳುವುದಿಲ್ಲ, ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ, "ನಿಲ್ಲಿಸ್ಬೇಡ್ರಪ್ಪಾ, ಇನ್ನೊಂದ್ ಸ್ವಲ್ಪ ಎಣಿಸಿ."