ಎರಡು ತಟ್ಟು, ಒಂದು ಅಂಗೈ

ಆ ಬೀದಿಯವರಿಗೆ ಅವಳು ಟೇಪಮ್ಮ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ನೋಡಿದವರು ಕಡಿಮೆ. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹನ್ನೆರಡು ವರ್ಷದಿಂದ ಊರವರ ಪ್ಯಾಂಟು ಗಿಡ್ಡ ಮಾಡಿದ್ದಾಳೆ, ಸೊಂಟ ಬಿಚ್ಚಿ ಹಿಗ್ಗಿಸಿದ್ದಾಳೆ, ಹರಿದದ್ದನ್ನು ಕಾಣದ ಹಾಗೆ ಕೂಡಿಸಿದ್ದಾಳೆ. "ಒಗೆದು ಒಗೆದು ಬಟ್ಟೆ ಚಿಕ್ಕದಾಯ್ತು" ಎಂದು ಬರುವವರ ಮಾತನ್ನು ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾಳೆ. ಯಾವುದು ಮೊಳೆಗೆ ಸಿಕ್ಕಿ ಹರಿದದ್ದು, ಯಾವುದು ಬ್ಲೇಡು ತಾಗಿ ಸೀಳಿದ್ದು, ಯಾವುದು ಇಲಿ ಕಡಿದದ್ದು ಎಂದು ಬೆಳಕಿಗೆ ಹಿಡಿದ ಕೂಡಲೇ ಹೇಳಬಲ್ಲಳು. ಇಷ್ಟು ಚುರುಕಾದ ಕಣ್ಣು ಮನೆಗೆ ಬಂದ ಮೇಲೆ ಎರಡು ವಾರ ಮುಚ್ಚಿಕೊಂಡಿತ್ತಲ್ಲ ಎಂದು ಅವಳಿಗೆ ಈಗಲೂ ಸಿಟ್ಟು.

ಆಗ ಅವಳಿಗೆ ಎಂಟು ತಿಂಗಳು. ಮದುವೆಯಾಗಿ ಏಳು ವರ್ಷದ ಮೇಲೆ ನಿಂತ ಮೊದಲ ಬಸಿರು. ದಿನಾ ಬೆಳಿಗ್ಗೆ ಅದೇ ಟೇಪಿನಿಂದ ತನ್ನ ಹೊಟ್ಟೆಯನ್ನು ತಾನೇ ಅಳೆದುಕೊಂಡು, ಇವತ್ತು ಇಷ್ಟು ಎಂದು ಗಂಡನಿಗೆ ಹೇಳುತ್ತಿದ್ದಳು. ಡಾಕ್ಟರಮ್ಮ ಮೆಟ್ಟಿಲು ದಿನಕ್ಕೊಂದೇ ಸಲ ಎಂದು ಕಟ್ಟಪ್ಪಣೆ ಮಾಡಿದ್ದರು. ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ, ಮರದ ಹಲಗೆ ಹಾಸಿದ ಹಳೆಯ ಕಟ್ಟಡ. ಒಬ್ಬರು ಕೆಮ್ಮಿದರೆ ಮೂರು ಮನೆಗೆ ಗೊತ್ತಾಗುತ್ತಿತ್ತು.

ಮನೆಯಲ್ಲಿ ಮೂರನೆಯ ಜೀವ ಮುದುಕ. ಮುದುಕ ಎಂದರೆ ಅವಳ ನಾಯಿ. ಮದುವೆಗೂ ನಾಲ್ಕು ವರ್ಷ ಮುಂಚೆ ಅಂಗಡಿಯ ಚಿಂದಿ ಬುಟ್ಟಿಯಲ್ಲಿ ಸಿಕ್ಕಿದ ಮರಿ. ಹಣೆಯ ತುಂಬ ಸುಕ್ಕು ಹೊತ್ತುಕೊಂಡು ಹುಟ್ಟಿದ್ದಕ್ಕೆ ಅಂದೇ ಆ ಹೆಸರು ಬಿತ್ತು. ಬೆಳೆದು ಕರುವಿನಷ್ಟು ದೊಡ್ಡದಾಯಿತು. ಹನ್ನೊಂದು ವರ್ಷಕ್ಕೆ ಹೆಸರು ನಿಜವೂ ಆಯಿತು, ಎರಡು ಕಿವಿಯೂ ಪೂರ್ತಿ ಕೇಳದಾಯಿತು.

ಕಿವಿ ಹೋದ ಮೇಲೆ ಗಂಡ ಹೆಂಡತಿ ಒಂದು ಉಪಾಯ ಹೂಡಿದರು. ಮುದುಕನನ್ನು ಕರೆಯಬೇಕಾದರೆ ಹಲಗೆಯ ಮೇಲೆ ಹಿಮ್ಮಡಿಯಿಂದ ಎರಡು ಸಲ ತಟ್ಟುವುದು. ನಡುಕ ಹೊಟ್ಟೆಗೆ ತಾಕಿ ಅದು ತಲೆ ಎತ್ತುತ್ತಿತ್ತು. ಮನೆಯಿಂದ ಹೊರಡುವಾಗ ಎರಡು ತಟ್ಟಿ, ಅದು ನೋಡಿದ ಮೇಲೆ ಅಂಗೈ ಎತ್ತಿ ತೋರಿಸಬೇಕು. 'ಬರ್ತೀವಿ, ಇಲ್ಲೇ ಇರು' ಎಂದು ಅದರ ಅರ್ಥ. ಅಂಗೈ ನೋಡಿದ ಮೇಲೆ ಮುದುಕ ಹೊಲಿಗೆ ಯಂತ್ರದ ಕೆಳಗೆ ಹೋಗಿ ಸುರುಳಿ ಸುತ್ತಿಕೊಂಡರೆ ಆಯಿತು, ಅವರು ಬರುವವರೆಗೆ ಕದಲುತ್ತಿರಲಿಲ್ಲ. ತಟ್ಟಿದಾಗಲೆಲ್ಲ ಕೆಳಮನೆಯ ಮೇಷ್ಟ್ರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಎರಡು ಕುಟ್ಟಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಅದೂ ಪದ್ಧತಿಯೇ ಆಗಿಹೋಗಿತ್ತು.

ಗಂಡ ಪುಸ್ತಕ ಬೈಂಡು ಮಾಡುವವನು. ಮಾತು ಕಡಿಮೆ, ಮೈಯೆಲ್ಲ ಗೋಂದಿನ ವಾಸನೆ. ಹೊರಗೆ ಊಟ ಎಂದರೆ ಅವನಿಗೆ ಆಗದು. ಗೊತ್ತಿಲ್ಲದವರು ಬೇಯಿಸಿದ್ದನ್ನು ಗೊತ್ತಿಲ್ಲದವರ ನಡುವೆ ಕೂತು ತಿನ್ನುವುದು ಯಾವ ಸುಖ ಎಂದು ಕೇಳುತ್ತಿದ್ದ. ಒಂದು ದಿನ ಅವನ ಬಲಗೈಗೆ ಪಟ್ಟಿ ಬಂತು. ಕಾಗದ ಕತ್ತರಿಸುವ ಬ್ಲೇಡು ತಾಗಿತು ಎಂದ. ಅವಳು ಅಯ್ಯೋ ಎಂದಳು, ಎರಡು ದಿನ ತಾನೇ ಅನ್ನ ಕಲಸಿ ಕೊಟ್ಟಳು, ಪಟ್ಟಿ ಬಿಚ್ಚಿ ನೋಡಲಿಲ್ಲ. ಹೊಟ್ಟೆಯೊಳಗಿನದರ ಕಡೆಗೇ ಜೀವವೆಲ್ಲ ಇತ್ತು.

ಎರಡು ವಾರ ಕಳೆದು ಒಂದು ಶನಿವಾರ ಸಂಜೆ ಅಂಥ ಗಂಡ ಬಂದು, ನಡಿ, ಇವತ್ತು ಹೊರಗೆ ಊಟ ಮಾಡೋಣ, ಮಗು ಬಂದ ಮೇಲೆ ಎಲ್ಲಾಗುತ್ತೆ ಎಂದ. ಅವಳಿಗೆ ಹಿಗ್ಗಿ ಹೀರೆಕಾಯಿಯಾಗುವುದೊಂದು ಬಾಕಿ. ಬಂದ ಭಾಗ್ಯ ಬದಲಾಗುವ ಮೊದಲೇ ಹೊರಡೋಣ ಎಂದು ಸಡಿಲ ನಿಲುವಂಗಿ ತೊಟ್ಟು, ಕಂಬಿ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲಿಳಿದಳು. ಗಂಡ ಬೀಗ ಹಾಕಿಕೊಂಡು ಹಿಂದಿನಿಂದ ಬಂದ. ಕೆಳಗೆ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, ಏನಮ್ಮ, ಇವತ್ತು ಸದ್ದಿಲ್ಲದೆ ಹೊರಟಿರಲ್ಲ ಎಂದರು. ಅವಳು ನಕ್ಕು ಮುಂದೆ ಹೋದಳು.

ಹೋಟೆಲು ನಾಲ್ಕು ಬೀದಿ ಆಚೆ. ಕನ್ನಡಿ ಹಾಕಿದ ಗೋಡೆ, ಮೇಲೆ ತಿರುಗುವ ಫ್ಯಾನು, ಕಿಟಕಿಯ ಪಕ್ಕದ ಮೇಜು. ಗಂಡ ಸೂಪು ಹೇಳಿದ, ಹುರಿದ ಮೀನು ಹೇಳಿದ, ಅನ್ನ ಬರುವ ಮೊದಲೇ ಐಸ್‌ಕ್ರೀಮು ಯಾವುದಿದೆ ಎಂದು ಕೇಳಿದ. ತಾನು ಮಾತ್ರ ಒಂದು ತುತ್ತು ಬಾಯಿಗಿಟ್ಟು ಗೋಡೆಯ ಗಡಿಯಾರ ನೋಡುತ್ತಿದ್ದ. ನಿಧಾನವಾಗಿ ತಿನ್ನು, ಅವಸರವೇನಿಲ್ಲ ಎಂದು ಮೂರು ಸಲ ಹೇಳಿದ. ಮೊದಲನೆಯ ಸಲ ಅವಳಿಗೆ ಪ್ರೀತಿ ಎನಿಸಿತು. ಮೂರನೆಯ ಸಲಕ್ಕೆ ಏನೋ ಸರಿಯಿಲ್ಲ ಎನಿಸಿತು. ಅಳತೆಗಿಂತ ಹೆಚ್ಚು ಬಟ್ಟೆ ಕೊಟ್ಟವರ ಮೇಲೆ ಅವಳಿಗೆ ಯಾವಾಗಲೂ ಗುಮಾನಿ.

ಮೀನು ಮುಗಿದ ಮೇಲೆ ಬೆರಳು ತೊಳೆಯಲು ಬಟ್ಟಲಲ್ಲಿ ಬಿಸಿನೀರು ಬಂತು. ಗಂಡ ಬಲಗೈ ಅದ್ದಿದ. ನೆಂದ ಪಟ್ಟಿ ಸಡಿಲಾಗಿ ನೀರಿನಲ್ಲಿ ತೇಲಿತು. ಅವನು ಕೈ ಮೇಜಿನ ಕೆಳಗೆ ಎಳೆದುಕೊಳ್ಳುವಷ್ಟರಲ್ಲಿ ಅವಳು ಮಣಿಕಟ್ಟು ಹಿಡಿದು ದೀಪದ ಬೆಳಕಿಗೆ ತಿರುಗಿಸಿದಳು. ಗೀರಿಲ್ಲ. ಹೆಬ್ಬೆರಳ ಬುಡದಲ್ಲಿ ದುಂಡನೆಯ ಎರಡು ಗಾಯ, ಒಣಗುತ್ತಾ ಬಂದಿದ್ದವು.

"ಬ್ಲೇಡಿಗೆ ಹಲ್ಲು ಯಾವಾಗ ಬಂತು?" ಎಂದಳು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಆಗಲೇ ಮೇಷ್ಟ್ರ ಮಾತು ಅವಳ ತಲೆಯಲ್ಲಿ ತಿರುಗಿ ಬಂತು. ಸದ್ದಿಲ್ಲದೆ ಹೊರಟಿರಲ್ಲ. ಹೌದು, ಗಂಡ ತಟ್ಟಲಿಲ್ಲ. ಏಳು ವರ್ಷದಲ್ಲಿ ಬೀಗ ಮರೆತದ್ದುಂಟು, ಚಪ್ಪಲಿ ಅದಲು ಬದಲು ಮಾಡಿದ್ದುಂಟು, ಮುದುಕನಿಗೆ ಹೇಳದೆ ಹೊರಟದ್ದಿಲ್ಲ.

ಕೇಳಿದ ಮೇಲೆ ಎಲ್ಲ ಹೊರಗೆ ಬಂತು. ಎರಡು ವಾರದ ಹಿಂದಿನ ಒಂದು ಬೆಳಿಗ್ಗೆ. ಇಡೀ ರಾತ್ರಿ ಹೊರಳಾಡಿ ಅವಳು ಆಗಷ್ಟೇ ನಿದ್ದೆ ಹೋಗಿದ್ದಳು. ಅವಳು ಏಳಬಾರದೆಂದು ಅವನು ಕಾಲುಚೀಲದಲ್ಲಿ ತುದಿಗಾಲ ಮೇಲೆ ನಡೆದ. ದಾರಿಗೆ ಅಡ್ಡ ಮಲಗಿದ್ದ ಮುದುಕನನ್ನು ತಟ್ಟದೆ, ಬಗ್ಗಿ ಬೆನ್ನು ಮುಟ್ಟಿದ. ಗಾಢ ನಿದ್ದೆಯಲ್ಲಿದ್ದ ಕಿವುಡು ನಾಯಿ ಬೆಚ್ಚಿ ಬಾಯಿ ಹಾಕಿತು. ಯಾರೆಂದು ತಿಳಿದ ಮೇಲೆ ಆ ಕೈಯನ್ನೇ ನೆಕ್ಕಿ, ಯಂತ್ರದ ಕೆಳಗೆ ತೂರಿಕೊಂಡು ಇಡೀ ದಿನ ಅನ್ನ ಮುಟ್ಟಲಿಲ್ಲ. ವಯಸ್ಸಾಯಿತಲ್ಲ ಎಂದು ಅವಳು ಅಂದು ಮರುಗಿದ್ದಳು.

ಗಂಡನ ಅಕ್ಕ ದವಾಖಾನೆಯಲ್ಲಿ ಸೂಜಿ ಚುಚ್ಚುವ ನರ್ಸು. ಅವನು ಹೋದದ್ದು ಅಲ್ಲಿಗೇ. ನಾಯಿಯಿಂದ ಕಚ್ಚಿಸಿಕೊಂಡ ಮಕ್ಕಳನ್ನು ಆಕೆ ದಿನವೂ ನೋಡುತ್ತಾಳೆ. ಆಕೆಗೆ ಪರಿಚಯದವನೊಬ್ಬನ ಮರದ ಡಿಪೋ ಊರಾಚೆ ಇತ್ತು, ಕಾವಲಿಗೆ ನಾಯಿ ಬೇಕಿತ್ತು. ಕಿವಿ ಕೇಳದ ನಾಯಿ ಏನು ಕಾವಲು ಕಾಯುತ್ತದೆಂದು ಯಾರೂ ಕೇಳಲಿಲ್ಲ, ಸರಪಳಿ ಹಾಕಿ ಕಟ್ಟಿ, ನೋಡಿದವರು ಹೆದರಿದರೆ ಸಾಕಂತೆ. ಬಸುರಿಯ ಮುಂದೆ ಬೇಡ, ಅವಳನ್ನು ಊಟಕ್ಕೆ ಕರೆದುಕೊಂಡು ಹೋಗು, ನಾವು ಏಳೂವರೆಗೆ ಬಂದು ಕರೆದೊಯ್ಯುತ್ತೇವೆ ಎಂದು ಆಕೆ ಇನ್ನೊಂದು ಬೀಗದ ಕೈ ಇಸಿದುಕೊಂಡಿದ್ದಳು. ಗಡಿಯಾರದಲ್ಲಿ ಆಗಲೇ ಏಳೂ ನಲವತ್ತು.

"ಮಗುವಿನ ಕೈ ಎಷ್ಟಿರುತ್ತೆ ಅಂತ ಅಕ್ಕ ತೋರಿಸಿದಳು" ಎಂದು ಅವನು ಎರಡು ಬೆರಳು ಜೋಡಿಸಿ ತೋರಿಸಿದ. "ಇಷ್ಟೇ ಇಷ್ಟು. ನನಗೆ ಆವತ್ತಿನಿಂದ ನಿದ್ದೆ ಇಲ್ಲ."

"ಹೊರಡುವಾಗ ಯಾಕೆ ತಟ್ಟಲಿಲ್ಲ?"

"ಹೇಗೆ ತಟ್ಟಲಿ? ಬರ್ತೀವಿ ಅಂತ ಅದಕ್ಕೆ ಹೇಳಿ, ಬರೋಷ್ಟರಲ್ಲಿ ಕಳಿಸಿಬಿಡೋದಾ? ಆ ಸುಳ್ಳು ನನ್ನ ಕೈಲಾಗಲಿಲ್ಲ."

"ನನಗೆ ಹೇಳೋಕಾಯ್ತಲ್ಲ" ಎಂದಳು.

ಐಸ್‌ಕ್ರೀಮು ಬಂದು ಮೇಜಿನ ಮೇಲೆ ಕೂತಿತು, ಯಾರೂ ಮುಟ್ಟಲಿಲ್ಲ. ಅವಳು ಮೇಜಿನ ಅಂಚು ಹಿಡಿದು ಎದ್ದಳು. ನಿಲ್ಲು, ಗಾಡಿ ತರುತ್ತೇನೆ ಎಂದ ಗಂಡನ ಮಾತು ಕಿವಿಗೆ ಹಾಕಿಕೊಳ್ಳದೆ, ಹೊಟ್ಟೆಯ ಅಡಿಗೆ ಕೈ ಕೊಟ್ಟುಕೊಂಡು ನಡೆದಳು. ಎರಡನೆಯ ಬೀದಿಯಲ್ಲಿ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ದೀಪದ ಕಂಬ ಹಿಡಿದು ನಿಂತಳು. ಒಳಗಿರುವುದಕ್ಕೆ ಏನಾದರೂ ಆದರೆ ತಾನೇ ಹೊಣೆ, ನಿಂತು ಸುಧಾರಿಸಿಕೊಂಡರೆ ಮುದುಕ ಹೋಗುತ್ತದೆ. ಯಾವುದನ್ನು ಬಿಡುವುದು? ಗಂಡ ಬೆವತು ಅವಳ ಮೊಣಕೈ ಹಿಡಿದುಕೊಂಡ. ಅವಳು ಕೊಡವಲಿಲ್ಲ, ಕೊಡವುವಷ್ಟು ತ್ರಾಣವೂ ಇರಲಿಲ್ಲ. ಬಿಗಿತ ಇಳಿದ ಮೇಲೆ ಮತ್ತೆ ನಡೆದರು.

ಮೆಟ್ಟಿಲ ಕೆಳಗೇ ಮೇಲಿನ ಗಲಾಟೆ ಕೇಳಿಸಿತು. ಮಾತು ಕೇಳಿದರೆ ಇನ್ನೂ ಹೋಗಿಲ್ಲ ಎಂದಾಯಿತು. ಒಂದೊಂದೇ ಮೆಟ್ಟಿಲು, ಒಂದೊಂದು ಉಸಿರು. ಮೇಲೆ ಬಾಗಿಲ ಮುಂದೆ ಗಂಡನ ಅಕ್ಕ, ಅಂದರೆ ಅವಳ ಅತ್ತಿಗೆ, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಹಗ್ಗ ಹಿಡಿದ ಡಿಪೋದವನು. ಬೀಗ ತೆಗೆದು ಅರ್ಧ ಗಂಟೆಯಾಗಿತ್ತು, ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ಸರಿದಿರಲಿಲ್ಲ.

ಸಂದಿಯಲ್ಲಿ ಇಣುಕಿದ ಟೇಪಮ್ಮನಿಗೆ ಎಲ್ಲ ತಿಳಿಯಿತು. ಯಾರೂ ಅಂಗೈ ತೋರಿಸದೆ ಹೋದದ್ದರಿಂದ ಮುದುಕ ಯಂತ್ರದ ಕೆಳಗೆ ಹೋಗಿಯೇ ಇರಲಿಲ್ಲ. ಬಾಗಿಲ ಹಿಂದಿನ ಇಕ್ಕಟ್ಟು ಓಣಿಯಲ್ಲಿ, ಬೆನ್ನು ಬಾಗಿಲಿಗೆ, ಕಾಲು ಎದುರು ಗೋಡೆಗೆ ಕೊಟ್ಟು ಮಲಗಿ ಅವರಿಗಾಗಿ ಕಾಯುತ್ತಿತ್ತು. ಅತ್ತಿಗೆ ಕೂಗಿದ್ದು ಅದಕ್ಕೆ ಕೇಳುವುದಿಲ್ಲ. ಬಾಗಿಲು ಗುದ್ದಿದಷ್ಟೂ ಪರಕೀಯರು ಎಂದು ಇನ್ನಷ್ಟು ಒತ್ತಿಕೊಂಡು ಮಲಗಿತ್ತು. ಅವನು ಹೇಳಲಾರದೆ ನುಂಗಿಕೊಂಡ ಸುಳ್ಳೇ ಬಾಗಿಲಿಗೆ ಅಗುಳಿ ಹಾಕಿತ್ತು.

ಅತ್ತಿಗೆ ಇವಳನ್ನು ಕಂಡು ತಬ್ಬಿಬ್ಬಾದಳು. ಆಮೇಲೆ, ಬಂದದ್ದೇ ಆಯಿತು, ನಿನ್ನ ಮಾತಾದರೆ ಕೇಳುತ್ತದಂತೆ, ಎಬ್ಬಿಸು, ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದಳು. ಆಕೆಯ ದನಿಯಲ್ಲಿ ಕೇಡಿರಲಿಲ್ಲ, ಭಯ ಇತ್ತು. ಟೇಪಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಾನು ಎಬ್ಬಿಸಲ್ಲ" ಎಂದಳು. "ಕಳಿಸೋನು ಅವನು. ಅವನೇ ತಟ್ಟಲಿ."

ಗಂಡ ಬಾಗಿಲ ಹತ್ತಿರಕ್ಕೆ ಬಂದ. ಆಮೇಲೆ ಹಲಗೆಯ ಮೇಲೆ ಹಿಮ್ಮಡಿ ಎತ್ತಿ ಎರಡು ತಟ್ಟಿದ. ಕೆಳಗಿನಿಂದ ಮೇಷ್ಟ್ರು ಪೊರಕೆಯ ಹಿಡಿಯಿಂದ ಎರಡು ಕುಟ್ಟಿದರು. ಯಾರೂ ನಗಲಿಲ್ಲ. ಒಳಗೆ ಉಗುರು ಹಲಗೆಗೆ ಕೆರೆದ ಸದ್ದು, ಮುದಿ ಮೈ ಏಳುವ ಏದುಸಿರು. ಬಾಗಿಲು ಸಡಿಲವಾಯಿತು.

ಮುದುಕ ಹೊಸ್ತಿಲಲ್ಲಿ ನಿಂತು ಬಾಲ ಅಲ್ಲಾಡಿಸಿತು. ಡಿಪೋದವನು ಹಗ್ಗವನ್ನು ಗಂಡನ ಕೈಗೆ ಕೊಟ್ಟ. ನೀನೇ ಹಾಕು, ನಿನಗಾದರೆ ಸುಮ್ಮನಿರುತ್ತದೆ ಎಂದು ಅಕ್ಕ ಹೇಳಿದಳು. ಮುದುಕ ಹಗ್ಗದ ಕಡೆ ನೋಡಲೇ ಇಲ್ಲ. ಎರಡು ತಟ್ಟಿದ ಮೇಲೆ ಬರಬೇಕಾದ್ದು ಇನ್ನೂ ಬಂದಿರಲಿಲ್ಲ, ಅದಕ್ಕಾಗಿ ಹಣೆಯ ಸುಕ್ಕು ಎತ್ತಿ ಅವನ ಮುಖವನ್ನೇ ನೋಡುತ್ತಿತ್ತು. ಟೇಪಮ್ಮ ಗಂಡನ ಕೈಯನ್ನೇ ನೋಡುತ್ತಿದ್ದಳು.

ಹಗ್ಗ ನೆಲಕ್ಕೆ ಬಿತ್ತು. ಗಾಯದ ಆ ಕೈ ಮೇಲೆದ್ದು ಅಂಗೈ ತೆರೆಯಿತು.

ಮುದುಕ ಕ್ಷಣ ನೋಡಿ, ಸಮಾಧಾನವಾಗಿ ತಿರುಗಿ, ಯಂತ್ರದ ಕೆಳಗೆ ಹೋಗಿ ಸುರುಳಿ ಸುತ್ತಿಕೊಂಡಿತು.

"ಏನೋ ಮಾಡಿದೆ?" ಎಂದಳು ಅಕ್ಕ.

"ಹೇಳಿಬಿಟ್ಟೆ ಅಕ್ಕ" ಎಂದ ಅವನು. "ಇನ್ನು ಆಗಲ್ಲ."

ಡಿಪೋದವನು ಹಗ್ಗ ಸುತ್ತಿಕೊಂಡು ಇಳಿದು ಹೋದ. ಅತ್ತಿಗೆ ಒಪ್ಪಲಿಲ್ಲ, ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಟೇಪಮ್ಮನ ನಾಡಿ ಹಿಡಿದು, ಈ ಸ್ಥಿತಿಯಲ್ಲಿ ಓಡಿ ಬರುವವರುಂಟೇ ಎಂದು ಬಾಯಿಗೆ ಬಂದಂತೆ ಬೈದು, ಕಣ್ಣೊರೆಸಿಕೊಂಡಳು. ಮಗು ಒಳಗಿನಿಂದ ಒದ್ದದ್ದು ಕೈಗೆ ಸಿಕ್ಕಿದ ಮೇಲೆಯೇ ಎದ್ದಳು. ಆಕೆಯ ಭಯ ಸುಳ್ಳಲ್ಲ ಎಂದು ಟೇಪಮ್ಮನಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಯಂತ್ರದ ಸುತ್ತ ನೆಲದ ಮೇಲೆ ಗೆರೆ ಎಳೆದಳು. ಗಂಡ ಆ ಗೆರೆಯ ಮೇಲೆ ಸೊಂಟದೆತ್ತರದ ಮರದ ಕಟಕಟೆ ಕಟ್ಟಿದ. ಆ ಮನೆಯಲ್ಲಿ ಇನ್ನು ಮುಂದೆ ಯಾರೂ ತುದಿಗಾಲ ಮೇಲೆ ನಡೆಯಕೂಡದು, ಯಾರ ನಿದ್ದೆ ಕೆಟ್ಟರೂ ಸರಿ ಎಂದು ಕಟ್ಟಾಜ್ಞೆ ಆಯಿತು.

ಹೆಣ್ಣುಮಗು ಹುಟ್ಟಿತು. ಕಾಲಿನ ಸದ್ದು ಕೇಳದಿದ್ದರೆ ಆ ಕೂಸಿಗೆ ನಿದ್ದೆ ಬಾರದು. ಅಕ್ಕಪಕ್ಕದವರು ತೊಟ್ಟಿಲ ಬಳಿ ಮೆಲ್ಲಗೆ ಬಂದರೆ, ಜೋರಾಗಿ ನಡೆಯಿರಿ ಎಂದು ಟೇಪಮ್ಮ ಗದರುತ್ತಾಳೆ. ಗಂಡನನ್ನು ಅವಳು ಕ್ಷಮಿಸಿದ್ದಾಳೆ, ಹಾಗೆಂದು ಅವನಿಗೆ ಹೇಳಿಲ್ಲ, ಇನ್ನೂ ಸ್ವಲ್ಪ ದಿನ ಹೆದರಿಕೊಂಡಿರಲಿ ಎಂದು. ಅವನೂ ಒಂದು ಪದ್ಧತಿ ಕಲಿತಿದ್ದಾನೆ. ಹೇಳಲು ಕಷ್ಟವಾದ ವಿಷಯ ಏನಾದರೂ ಇದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲು ನೆಲಕ್ಕೆ ಎರಡು ತಟ್ಟುತ್ತಾನೆ. ಆಗ ಯಂತ್ರದ ಕೆಳಗಿನಿಂದ ಮುದುಕ ತಲೆ ಎತ್ತುತ್ತದೆ, ಟೇಪಮ್ಮನೂ ತಲೆ ಎತ್ತುತ್ತಾಳೆ.